ಹದಿಹರೆಯದ ಮಗುವಿನ ಬೆಳವಣಿಗೆಯನ್ನು ಮನೆಯಲ್ಲೇ ದಾಖಲಿಸುವ ಕ್ರಮ: 8ರಿಂದ 18ರವರೆಗಿನ ಸಮಗ್ರ ಮಾರ್ಗದರ್ಶಿ

ಮಗ ತರಗತಿಯಲ್ಲಿ ಎಲ್ಲರಿಗಿಂತ ಕುಳ್ಳಗಿದ್ದಾನೆ ಎಂದು ವೈದ್ಯರ ಬಳಿಗೆ ಕರೆದೊಯ್ದ ತಂದೆತಾಯಿಯರಿಗೆ ಎದುರಾಗುವ ಮೊದಲ ಪ್ರಶ್ನೆ ‘ಕಳೆದ ವರ್ಷ ಇವನ ಎತ್ತರ ಎಷ್ಟಿತ್ತು?’ ಎಂಬುದು. ಬಹುತೇಕ ಮನೆಗಳಲ್ಲಿ ಇದಕ್ಕೆ ಉತ್ತರವಿರುವುದಿಲ್ಲ. ವೈದ್ಯರು ಅಂದಿನ ಎತ್ತರವನ್ನು ಬರೆದುಕೊಂಡು, ಆರು ತಿಂಗಳ ನಂತರ ಮತ್ತೆ ಬನ್ನಿ ಎಂದು ಕಳುಹಿಸುತ್ತಾರೆ. ಬೆಳೆಯಲು ಉಳಿದಿರುವ ಕಾಲವೇ ಕಡಿಮೆಯಿರುವ ಮಗುವಿಗೆ ಆ ಆರು ತಿಂಗಳು ಬಹಳ ದುಬಾರಿಯಾಗುತ್ತವೆ.

ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು ಪೋಷಕರ ಸಭೆಗಳಲ್ಲಿ ಇದೇ ಸಂಗತಿಯನ್ನು ಪ್ರತಿ ವರ್ಷವೂ ಕೇಳುತ್ತೇನೆ. ಐದು ವರ್ಷದವರೆಗೆ ತಾಯಿ ಕಾರ್ಡಿನಲ್ಲಿ ಪ್ರತಿ ಲಸಿಕೆಯನ್ನೂ ಬರೆಸಿದ ತಾಯಂದಿರು, ಶರೀರ ಬಹಳ ಬದಲಾಗುವ ಮುಂದಿನ ಹತ್ತು ವರ್ಷಗಳಲ್ಲಿ ಒಂದು ಸಾಲನ್ನೂ ಬರೆದಿರುವುದಿಲ್ಲ. ಆದ್ದರಿಂದ ಬೆಳವಣಿಗೆಯ ಪುಸ್ತಕವೊಂದನ್ನು ಹೇಗೆ ಆರಂಭಿಸಬೇಕು, ಯಾವ ಕ್ರಮದಲ್ಲಿ ತುಂಬಬೇಕು ಮತ್ತು ಅದರಲ್ಲಿ ಏನು ಕಂಡಾಗ ಎಚ್ಚರಗೊಳ್ಳಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಮೊದಲು ಒದಗಿಸಿಕೊಳ್ಳಬೇಕಾದ ಸಾಮಗ್ರಿ

ಇನ್ನೂರು ಪುಟದ ಗಟ್ಟಿ ರಟ್ಟಿನ ನೋಟ್‌ಬುಕ್, ಬಡಗಿಗಳು ಬಳಸುವ ಸ್ಟೀಲ್ ಟೇಪು, ಒಂದು ಮೂಲೆಮಟ್ಟ ಅಥವಾ ದಪ್ಪ ರಟ್ಟಿನ ಪುಸ್ತಕ, ಪೆನ್ಸಿಲ್, ಮತ್ತು 100 ಗ್ರಾಂ ವ್ಯತ್ಯಾಸವನ್ನು ತೋರಿಸುವ ತೂಕದ ಯಂತ್ರ ಇದ್ದರೆ ಸಾಕು. ದರ್ಜಿಯ ಬಟ್ಟೆ ಟೇಪು ಕಾಲಕ್ರಮೇಣ ಹಿಗ್ಗುವುದರಿಂದ ಅದನ್ನು ಬಳಸಬಾರದು. ಇವುಗಳ ಜೊತೆಗೆ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯು 2015ರಲ್ಲಿ ಪ್ರಕಟಿಸಿದ, 5ರಿಂದ 18 ವರ್ಷದ ಮಕ್ಕಳ ಬೆಳವಣಿಗೆಯ ನಕ್ಷೆಯನ್ನು ಮುದ್ರಿಸಿಕೊಳ್ಳಬೇಕು. ಹುಡುಗರ ನಕ್ಷೆಯೂ ಹುಡುಗಿಯರ ನಕ್ಷೆಯೂ ಬೇರೆ ಬೇರೆ ಇರುತ್ತವೆ. ಮೊಬೈಲ್ ಆ್ಯಪ್‌ಗಳು ವಿದೇಶಿ ಮಕ್ಕಳ ಅಳತೆಯನ್ನು ಆಧಾರವಾಗಿಟ್ಟುಕೊಂಡಿರುವ ಸಾಧ್ಯತೆಯಿರುವುದರಿಂದ, ಯಾವ ನಕ್ಷೆ ಎಂಬುದನ್ನು ನೋಡದೆ ಅವುಗಳನ್ನು ನಂಬಬೇಡಿ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮಗುವಿನ ಹುಟ್ಟಿದ ದಿನಾಂಕ, ಹುಟ್ಟಿದಾಗಿನ ತೂಕ, ತಂದೆತಾಯಿಯರ ಎತ್ತರ, ತಾಯಿ ಮೈನೆರೆದ ವಯಸ್ಸು, ಹಾಗೂ ತಂದೆ ಹೈಸ್ಕೂಲಿನಲ್ಲಿ ಎತ್ತರವಾದರೋ ಪಿಯುಸಿಗೆ ಬಂದ ಮೇಲೆ ಎತ್ತರವಾದರೋ ಎಂಬುದನ್ನು ಬರೆಯಿರಿ. ಕೊನೆಯ ಮಾಹಿತಿ ಅನಗತ್ಯವೆಂದು ತೋರಬಹುದು. ಆದರೆ ತಡವಾಗಿ ಬೆಳೆಯುವ ಗುಣ ಮನೆತನದಲ್ಲಿ ಹರಿದುಬರುತ್ತದೆ. ಆ ಒಂದು ಸಾಲಿನಿಂದ ವೈದ್ಯರಿಗೆ ಎಷ್ಟೋ ವಿಷಯ ತಿಳಿಯುತ್ತದೆ.

ಹಂತ 1: ಎತ್ತರವನ್ನು ತಪ್ಪಿಲ್ಲದೆ ಅಳೆಯುವುದು

ಹೆಚ್ಚಿನವರು ಎಡವುವುದು ಇಲ್ಲಿಯೇ. ನಮ್ಮ ನಗರದ ಅಪಾರ್ಟ್‌ಮೆಂಟುಗಳಲ್ಲಿ ಗೋಡೆಯ ಬುಡಕ್ಕೆ ಸ್ಕರ್ಟಿಂಗ್ ಟೈಲ್ಸ್ ಇರುವುದರಿಂದ ಹಿಮ್ಮಡಿ ಗೋಡೆಗೆ ತಾಗದೆ ಮಗು ಹಿಂದಕ್ಕೆ ವಾಲಿ ನಿಲ್ಲುತ್ತದೆ. ಆದ್ದರಿಂದ ಸ್ಕರ್ಟಿಂಗ್ ಇಲ್ಲದ ಕಂಬವನ್ನೋ ನೇರವಾದ ಬಾಗಿಲಿನ ಚೌಕಟ್ಟನ್ನೋ ಆರಿಸಿಕೊಂಡು, ಪ್ರತಿ ಬಾರಿಯೂ ಅದೇ ಜಾಗದಲ್ಲಿ ಅಳೆಯಿರಿ.

ಮಗು ಬರಿಗಾಲಿನಲ್ಲಿ ನಿಲ್ಲಬೇಕು. ಜುಟ್ಟು, ತುರುಬು, ಹೇರ್‌ಬ್ಯಾಂಡ್ ಏನೂ ಇರಬಾರದು. ಹಿಮ್ಮಡಿ, ಪೃಷ್ಠ ಮತ್ತು ಬೆನ್ನಿನ ಮೇಲ್ಭಾಗ ಹಿಂದಿನ ಆಸರೆಗೆ ತಾಗಿರಬೇಕು. ಕಣ್ಣಿನ ಕೆಳಗಿನ ಮೂಳೆಯ ಅಂಚು ಮತ್ತು ಕಿವಿಯ ರಂಧ್ರ ಒಂದೇ ಅಡ್ಡಗೆರೆಯಲ್ಲಿರುವಂತೆ ಮಗು ಎದುರಿಗೆ ನೇರವಾಗಿ ನೋಡುತ್ತಿರಬೇಕು. ಎತ್ತರವಾಗಿ ಕಾಣಬೇಕೆಂದು ಗಲ್ಲವನ್ನು ಮೇಲೆತ್ತುವ ಮಕ್ಕಳ ನೆತ್ತಿ ಹಿಂದಕ್ಕೆ ಸರಿದು ಅಳತೆ ಕಡಿಮೆಯೇ ಬರುತ್ತದೆ. ನಂತರ ಮೂಲೆಮಟ್ಟದ ಒಂದು ಅಂಚನ್ನು ಗೋಡೆಗೆ ಒತ್ತಿ ಹಿಡಿದು, ಇನ್ನೊಂದು ಅಂಚನ್ನು ನೆತ್ತಿಗೆ ತಾಗುವವರೆಗೆ ಇಳಿಸಿ, ಗುರುತು ಹಾಕಿ, ನೆಲದಿಂದ ಗುರುತಿನವರೆಗೆ ಸ್ಟೀಲ್ ಟೇಪಿನಿಂದ ಅಳೆಯಿರಿ. ಮಗುವನ್ನು ಸರಿಸಿ ಮತ್ತೆ ನಿಲ್ಲಿಸಿ, ಹೀಗೆ ಮೂರು ಬಾರಿ ಅಳೆದು ಸರಾಸರಿಯನ್ನು ಮಿಲಿಮೀಟರ್ ಸಹಿತ ಬರೆಯಬೇಕು.

ಬೆಳಿಗ್ಗೆಯ ಎತ್ತರ ಸಂಜೆಯ ಹೊತ್ತಿಗೆ ಸುಮಾರು ಒಂದು ಸೆಂಟಿಮೀಟರಿನವರೆಗೂ ಇಳಿಯಬಹುದು. ಬೆನ್ನುಮೂಳೆಗಳ ನಡುವಿನ ಮೆತ್ತೆಗಳು ದಿನವಿಡೀ ಭಾರ ಹೊತ್ತು ತುಸು ಚಪ್ಪಟೆಯಾಗುವುದೇ ಇದಕ್ಕೆ ಕಾರಣ. ಆದ್ದರಿಂದ ಸಮಯವೂ ಒಂದೇ ಇರಲಿ. ಭಾನುವಾರ ಬೆಳಿಗ್ಗೆ ಹೆಚ್ಚಿನ ಮನೆಗಳಿಗೆ ಅನುಕೂಲ. ಆರು ತಿಂಗಳಿಗೊಮ್ಮೆ, ಅಂದರೆ ಹುಟ್ಟುಹಬ್ಬದ ವಾರ ಮತ್ತು ಅದರಿಂದ ಆರನೇ ತಿಂಗಳಿಗೆ ಅಳೆದರೆ ಸಾಕು. ತಿಂಗಳಿಗೊಮ್ಮೆ ಅಳೆಯುವ ಪೋಷಕರನ್ನು ಕಂಡಿದ್ದೇನೆ. ಅದರಿಂದ ಮಗುವಿಗೆ ಕಳವಳ ಹೆಚ್ಚುತ್ತದೆಯೇ ಹೊರತು ಮಾಹಿತಿ ಹೆಚ್ಚುವುದಿಲ್ಲ, ಏಕೆಂದರೆ ಒಂದು ತಿಂಗಳಿರಲಿ, ಮೂರು ತಿಂಗಳ ಅಂತರದಲ್ಲಿ ಆದ ಅರ್ಧ ಸೆಂಟಿಮೀಟರ್ ತಪ್ಪು ವರ್ಷದ ಲೆಕ್ಕಕ್ಕೆ ಬಂದಾಗ ಎರಡು ಸೆಂಟಿಮೀಟರ್ ಆಗುತ್ತದೆ.

ಹಂತ 2: ತೂಕ, ಮತ್ತು ಕತ್ತಿನ ಹಿಂಭಾಗ

ಎತ್ತರ ಅಳೆದ ದಿನವೇ, ಬೆಳಗಿನ ತಿಂಡಿಗೆ ಮುಂಚೆ, ಹಗುರ ಬಟ್ಟೆಯಲ್ಲಿ ತೂಕ ನೋಡಿ. ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ದೇಹತೂಕ ಸೂಚ್ಯಂಕ, ಅಂದರೆ ಬಿಎಂಐ ಸಿಗುತ್ತದೆ. 45 ಕಿಲೋ ತೂಕ, 1.50 ಮೀಟರ್ ಎತ್ತರವಿದ್ದರೆ ಅದು 20. ದೊಡ್ಡವರಿಗೆ 23ರವರೆಗೆ ಸರಿಯಲ್ಲವೇ ಎಂದು ಸಮಾಧಾನಪಟ್ಟುಕೊಳ್ಳುವುದು ಸಾಮಾನ್ಯ ತಪ್ಪು. ಮಕ್ಕಳಲ್ಲಿ ಈ ಮಿತಿ ಪ್ರತಿ ವಯಸ್ಸಿಗೂ ಬೇರೆಯಾಗುತ್ತದೆ; ಅಕಾಡೆಮಿಯ ನಕ್ಷೆಯಲ್ಲಿ ವಯಸ್ಕರ 23 (ಅತಿತೂಕ) ಮತ್ತು 27ಕ್ಕೆ (ಬೊಜ್ಜು) ಸಮನಾದ ಎರಡು ಗೆರೆಗಳನ್ನು ಎಳೆದಿರುವುದು ಇದಕ್ಕಾಗಿಯೇ.

ಅಂದೇ ಕತ್ತಿನ ಹಿಂಭಾಗ ಮತ್ತು ಕಂಕುಳನ್ನು ನೋಡಿ. ಅಲ್ಲಿನ ಚರ್ಮ ಕಪ್ಪಾಗಿ, ಮಖಮಲ್ಲಿನಂತೆ ದಪ್ಪವಾಗಿದ್ದರೆ ಅದು ಕೊಳೆಯಲ್ಲ. ಕಡಲೆಹಿಟ್ಟು, ನಿಂಬೆಹಣ್ಣು ಹಚ್ಚಿ ಉಜ್ಜಿ ಮಗುವನ್ನು ಅಳಿಸಿದ ತಾಯಂದಿರು ನನ್ನ ಪರಿಚಯದಲ್ಲೇ ಇದ್ದಾರೆ. ತೂಕ ಹೆಚ್ಚಿರುವ ಮಗುವಿನಲ್ಲಿ ಇದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬುದರ ಗುರುತು. ಉಜ್ಜುವುದನ್ನು ನಿಲ್ಲಿಸಿ, ರಕ್ತದ ಸಕ್ಕರೆ ಪರೀಕ್ಷೆಗಾಗಿ ವೈದ್ಯರನ್ನು ಕಾಣಬೇಕು.

ಹಂತ 3: ಬೆಳವಣಿಗೆಯ ವೇಗವನ್ನು ಲೆಕ್ಕ ಹಾಕುವುದು

ಒಂದು ಅಳತೆ ಮಗು ಈಗ ಎಲ್ಲಿದೆ ಎಂಬುದನ್ನಷ್ಟೇ ಹೇಳುತ್ತದೆ. ಮಗು ಸರಿಯಾಗಿ ಬೆಳೆಯುತ್ತಿದೆಯೇ ಎಂದು ಹೇಳಲು ದಿನಾಂಕ ಸಹಿತವಾದ ಎರಡು ಅಳತೆಗಳು ಬೇಕು. ಜೂನ್ 15ರಂದು 138.2 ಸೆಂ.ಮೀ., ಡಿಸೆಂಬರ್ 15ರಂದು 140.6 ಸೆಂ.ಮೀ. ಇದ್ದರೆ ಆರು ತಿಂಗಳಿಗೆ 2.4, ಅಂದರೆ ವರ್ಷಕ್ಕೆ 4.8 ಸೆಂ.ಮೀ. ವೇಗವಾಯಿತು. ಹರೆಯ ಆರಂಭವಾಗುವ ಮುನ್ನ ಮಕ್ಕಳು ವರ್ಷಕ್ಕೆ ಸುಮಾರು 5 ಸೆಂ.ಮೀ. ಬೆಳೆಯುತ್ತಾರೆ. ವೇಗ 4 ಸೆಂ.ಮೀ.ಗಿಂತ ಕಡಿಮೆಯಾದರೆ, ಮಗು ತರಗತಿಯಲ್ಲಿ ಎತ್ತರದವರ ಸಾಲಿನಲ್ಲಿದ್ದರೂ, ವೈದ್ಯರಿಗೆ ತೋರಿಸಬೇಕು. ಥೈರಾಯ್ಡ್ ಕೊರತೆ, ಗೋಧಿಯ ಗ್ಲುಟೆನ್ ಒಗ್ಗದಿರುವ ಸೀಲಿಯಾಕ್ ಕಾಯಿಲೆ, ಬೆಳವಣಿಗೆಯ ಹಾರ್ಮೋನಿನ ಕೊರತೆ ಇವೆಲ್ಲ ಮೊದಲು ಕಾಣಿಸಿಕೊಳ್ಳುವುದು ಇಂಥ ನಿಧಾನಗತಿಯಲ್ಲಿಯೇ.

ಪ್ರತಿ ಅಳತೆಯನ್ನೂ ನಕ್ಷೆಯ ಮೇಲೆ ಚುಕ್ಕೆಯಾಗಿ ಇಡಿ. ಚುಕ್ಕೆಗಳು ಒಂದೇ ಗೆರೆಯ ಜಾಡಿನಲ್ಲಿ ಸಾಗುತ್ತಿದ್ದರೆ ಅದು ಕೆಳಗಿನ ಗೆರೆಯಾದರೂ ಗಾಬರಿ ಬೇಡ. 3 ಎಂದು ಬರೆದಿರುವ ಅತಿ ಕೆಳಗಿನ ಗೆರೆಗಿಂತಲೂ (ನೂರು ಮಕ್ಕಳಲ್ಲಿ ಮೂವರಷ್ಟೇ ಇದಕ್ಕಿಂತ ಕೆಳಗಿರುತ್ತಾರೆ) ಕೆಳಗಿದ್ದರೆ, ಅಥವಾ ಚುಕ್ಕೆಗಳು ಒಂದೊಂದೇ ಗೆರೆಯನ್ನು ದಾಟಿ ಇಳಿಯುತ್ತಿದ್ದರೆ ತಡಮಾಡಬಾರದು.

ಮನೆತನದ ಎತ್ತರವನ್ನೂ ಒಮ್ಮೆ ಲೆಕ್ಕ ಹಾಕಿಕೊಳ್ಳಿ. ತಂದೆತಾಯಿಯರ ಎತ್ತರವನ್ನು ಕೂಡಿಸಿ, ಮಗನಾದರೆ 13 ಸೆಂ.ಮೀ. ಸೇರಿಸಿ, ಮಗಳಾದರೆ 13 ಸೆಂ.ಮೀ. ಕಳೆದು, ಎರಡರಿಂದ ಭಾಗಿಸಬೇಕು. ತಂದೆ 170, ತಾಯಿ 156 ಇದ್ದರೆ ಮಗನಿಗೆ 169.5, ಮಗಳಿಗೆ 156.5 ಬರುತ್ತದೆ, ಇದರಿಂದ ಸುಮಾರು 8 ಸೆಂ.ಮೀ. ಆಚೀಚೆ ಇರುವುದು ಸಹಜ. ಈ ಲೆಕ್ಕ ಮಾಡಿದ ಮೇಲೆ ಎತ್ತರ ಹೆಚ್ಚಿಸುತ್ತೇವೆಂದು ಮಾರುವ ಪುಡಿ, ಮಾತ್ರೆಗಳಿಗೆ ಹಣ ಸುರಿಯುವ ಆಸೆ ಎಷ್ಟೋ ಕಡಿಮೆಯಾಗುತ್ತದೆ. ಕಾಯಿಲೆಯಿಲ್ಲದೆ ಸರಿಯಾಗಿ ಉಣ್ಣುವ ಮಗುವನ್ನು ಅಂಥ ಯಾವ ಪುಡಿಯೂ ಎತ್ತರ ಮಾಡುವುದಿಲ್ಲ.

ಹಂತ 4: ಹರೆಯದ ಗುರುತುಗಳನ್ನು ಅವು ಬರುವ ಕ್ರಮದಲ್ಲಿ ಬರೆಯುವುದು

ಹುಡುಗಿಯರಲ್ಲಿ ಮೊದಲ ಗುರುತು ಮುಟ್ಟಲ್ಲ. ಮೊಲೆತೊಟ್ಟಿನ ಹಿಂದೆ ಚಿಕ್ಕ ಗಟ್ಟಿ ಗಂಟಿನಂತೆ ಸ್ತನ ಮೊಗ್ಗೊಡೆಯುವುದು ಮೊದಲ ಗುರುತು. ಅದು 8ರಿಂದ 13 ವರ್ಷದ ನಡುವೆ ಬರುತ್ತದೆ. ಒಂದು ಬದಿಯಲ್ಲಿ ಮೊದಲು ಬಂದು, ಮುಟ್ಟಿದರೆ ನೋಯುವುದು ಸಾಮಾನ್ಯವಾದುದರಿಂದ ಅದನ್ನು ಗೆಡ್ಡೆಯೆಂದು ಹೆದರಬೇಕಿಲ್ಲ. ಎತ್ತರದ ಜಿಗಿತ ಅದರ ಬೆನ್ನಿಗೇ ಆರಂಭವಾಗಿ, ಸುಮಾರು ಎರಡು ಎರಡೂವರೆ ವರ್ಷದ ನಂತರ ಮೊದಲ ಮುಟ್ಟು ಬರುವ ಹೊತ್ತಿಗೆ ಮುಗಿಯುತ್ತಾ ಬಂದಿರುತ್ತದೆ. ಮುಟ್ಟಾದ ನಂತರ ಹೆಚ್ಚಿನ ಹುಡುಗಿಯರು ಇನ್ನು 5ರಿಂದ 7 ಸೆಂ.ಮೀ. ಮಾತ್ರ ಬೆಳೆಯುತ್ತಾರೆ. ಮಗಳ ಎತ್ತರದ ಬಗ್ಗೆ ಚಿಂತೆಯಿದ್ದರೆ ಆರತಿ ಶಾಸ್ತ್ರ ಮುಗಿದ ಮೇಲೆ ವೈದ್ಯರನ್ನು ಹುಡುಕುವುದು ಏಕೆ ತಡ ಎಂಬುದು ಇದರಿಂದ ತಿಳಿಯುತ್ತದೆ.

ಹುಡುಗರಲ್ಲಿ ವೃಷಣಗಳು ದೊಡ್ಡದಾಗುವುದು ಮೊದಲ ಗುರುತು, 9ರಿಂದ 14 ವರ್ಷದ ನಡುವೆ. ರೋಮ, ಶಿಶ್ನದ ಬೆಳವಣಿಗೆ, ಎತ್ತರದ ಜಿಗಿತ, ಧ್ವನಿ ಒಡೆಯುವುದು ಇವೆಲ್ಲ ಅದರ ನಂತರ ಬರುತ್ತವೆ. ಹುಡುಗಿಯರ ಜಿಗಿತಕ್ಕಿಂತ ಸುಮಾರು ಎರಡು ವರ್ಷ ತಡವಾಗಿ ಹುಡುಗರ ಜಿಗಿತ ಬರುವುದರಿಂದ, ಏಳನೇ ತರಗತಿಯ ಅಣ್ಣನಿಗಿಂತ ಐದನೇ ತರಗತಿಯ ತಂಗಿ ಎತ್ತರವಾಗಿ ಕಂಡರೆ ಅದನ್ನು ರೋಗವೆಂದು ತಿಳಿಯಬೇಡಿ.

ಇವನ್ನು ಪೋಷಕರು ಪರೀಕ್ಷಿಸಬಾರದು. ಮಗುವಿಗೆ ಕ್ರಮವನ್ನು ವಿವರಿಸಿ, ಗುರುತು ಕಂಡಾಗ ತಾನೇ ದಿನಾಂಕವನ್ನು ಬರೆಯುವಂತೆ ಒಂದು ಪುಟವನ್ನು ಬಿಟ್ಟುಕೊಡಿ. ಆ ಪುಟವನ್ನು ಮನೆಯವರೆಲ್ಲರ ಮುಂದೆ ಓದುವುದಿಲ್ಲವೆಂದು ಮಾತು ಕೊಟ್ಟು, ಅದನ್ನು ಉಳಿಸಿಕೊಳ್ಳಿ.

ಹುಡುಗಿಯರಲ್ಲಿ 8 ವರ್ಷಕ್ಕೆ ಮುಂಚೆ, ಹುಡುಗರಲ್ಲಿ 9 ವರ್ಷಕ್ಕೆ ಮುಂಚೆ ಈ ಗುರುತುಗಳು ಕಂಡರೆ ಬೇಗ ತೋರಿಸಬೇಕು, ಏಕೆಂದರೆ ಮೂಳೆಗಳು ಬೇಗ ಬಲಿತು ಅಂತಿಮ ಎತ್ತರ ಕುಗ್ಗಬಹುದು. ಹುಡುಗಿಗೆ 13 ತುಂಬಿದರೂ ಸ್ತನ ಬೆಳೆಯದಿದ್ದರೆ, ಹುಡುಗನಿಗೆ 14 ತುಂಬಿದರೂ ವೃಷಣ ದೊಡ್ಡದಾಗದಿದ್ದರೆ, 15 ತುಂಬಿದರೂ ಮುಟ್ಟಾಗದಿದ್ದರೆ, ಆಗಲೂ ಕಾಯಬಾರದು.

ಹಂತ 5: ಮುಟ್ಟಿನ ದಾಖಲೆ

ಮುಟ್ಟಿನ ಪುಟದಲ್ಲಿ ಆರಂಭದ ದಿನಾಂಕ, ಎಷ್ಟು ದಿನ ಇತ್ತು, ದಿನಕ್ಕೆ ಎಷ್ಟು ಪ್ಯಾಡ್ ಬದಲಾಯಿಸಬೇಕಾಯಿತು, ನೋವಿನಿಂದ ಶಾಲೆ ತಪ್ಪಿತೇ ಎಂಬ ನಾಲ್ಕು ಕಲಂಗಳು ಸಾಕು. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ ಎಣಿಸಬೇಕು. ನಿಂತ ದಿನದಿಂದ ಎಣಿಸುವ ರೂಢಿ ಲೆಕ್ಕವನ್ನು ಕೆಡಿಸುತ್ತದೆ.

ಮೊದಲ ಎರಡು ಮೂರು ವರ್ಷ ಮುಟ್ಟು 28 ದಿನಕ್ಕೇ ಬರಬೇಕೆಂದೇನೂ ಇಲ್ಲ. 21ರಿಂದ 45 ದಿನಗಳ ಅಂತರ, ಏಳು ದಿನದೊಳಗಿನ ಸ್ರಾವ ಸಹಜ. 90 ದಿನ ದಾಟಿದರೂ ಬಾರದಿದ್ದರೆ, ಏಳು ದಿನಕ್ಕಿಂತ ಹೆಚ್ಚು ಹರಿದರೆ, ಅಥವಾ ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ತುಂಬಿ ಬದಲಾಯಿಸಬೇಕಾದರೆ ವೈದ್ಯರನ್ನು ಕಾಣಬೇಕು. ಮೊದಲ ಮುಟ್ಟಿನಿಂದಲೇ ಅತಿಯಾಗಿ ಹರಿಯುವ ಕೆಲವು ಹುಡುಗಿಯರಲ್ಲಿ ರಕ್ತ ಹೆಪ್ಪುಗಟ್ಟುವ ಶಕ್ತಿಯ ಹುಟ್ಟು ಕೊರತೆ ಇರುತ್ತದೆ; ಮೂಗಿನಿಂದ ಪದೇ ಪದೇ ರಕ್ತ ಬರುತ್ತದೆಯೇ, ಹಲ್ಲು ಕೀಳಿಸಿದಾಗ ರಕ್ತ ನಿಲ್ಲಲು ತಡವಾಯಿತೇ ಎಂಬುದನ್ನೂ ಬರೆದಿಡಿ.

ಒಂದು ತಪ್ಪನ್ನು ಇಲ್ಲಿ ಒತ್ತಿ ಹೇಳಬೇಕು. ಎರಡು ತಿಂಗಳು ಮುಟ್ಟು ತಪ್ಪಿದ 14ರ ಹುಡುಗಿಯನ್ನು ನೇರವಾಗಿ ಸ್ಕ್ಯಾನಿಂಗ್ ಸೆಂಟರಿಗೆ ಕರೆದೊಯ್ದು, ವರದಿಯಲ್ಲಿ ಅಂಡಾಶಯದ ತುಂಬ ಸಣ್ಣ ಗುಳ್ಳೆಗಳಿವೆ ಎಂದು ಕಂಡು, ಪಿಸಿಓಎಸ್ (ಹಾರ್ಮೋನಿನ ಏರುಪೇರಿನಿಂದ ಮುಟ್ಟು ಕೆಡುವ ತೊಂದರೆ) ಬಂದಿದೆಯೆಂದು ಮನೆಮಂದಿಯೆಲ್ಲ ಕುಗ್ಗಿಹೋಗುವುದನ್ನು ನೋಡಿದ್ದೇನೆ. ಹರೆಯದ ಆರೋಗ್ಯವಂತ ಅಂಡಾಶಯವೂ ಹಾಗೆಯೇ ಕಾಣುತ್ತದೆ. ಮೊದಲ ಮುಟ್ಟಿನಿಂದ 8 ವರ್ಷ ಕಳೆಯುವವರೆಗೆ ಸ್ಕ್ಯಾನ್ ಆಧಾರದ ಮೇಲೆ ಪಿಸಿಓಎಸ್ ಎಂದು ನಿರ್ಧರಿಸಬಾರದೆಂದು ಅಂತರರಾಷ್ಟ್ರೀಯ ವೈದ್ಯಕೀಯ ಮಾರ್ಗಸೂಚಿಯೇ ಹೇಳುತ್ತದೆ. ಅಂತರ ಏರುಪೇರಾಗಿರುವುದರ ಜೊತೆಗೆ ಮುಖದ ಮೇಲೆ ದಪ್ಪ ರೋಮ, ತೀವ್ರ ಮೊಡವೆ ಇದ್ದರೆ ಅದನ್ನು ಬರೆದು, ಮೊದಲು ವೈದ್ಯರಿಗೆ ಪುಸ್ತಕವನ್ನು ತೋರಿಸಿ. ಸ್ಕ್ಯಾನ್ ಬೇಕೇ ಎಂಬುದನ್ನು ಅವರು ನಿರ್ಧರಿಸಲಿ.

ಹಂತ 6: ಹುಡುಗರ ಪುಟ

ನಾನು ನೋಡಿದ ಪುಸ್ತಕಗಳಲ್ಲಿ ಖಾಲಿ ಉಳಿಯುವುದು ಇದೇ. ಹುಡುಗರೊಂದಿಗೆ ತಂದೆಯೋ ಸೋದರಮಾವನೋ ಕುಳಿತು ಮಾತನಾಡಬೇಕಾದ ವಿಷಯಗಳು ಮೂರಿವೆ. ಮೊದಲನೆಯದಾಗಿ, ನಿದ್ದೆಯಲ್ಲಿ ವೀರ್ಯ ಸ್ಖಲನವಾಗುವುದು ಕಾಯಿಲೆಯಲ್ಲ, ಅದರಿಂದ ಶಕ್ತಿ ಕುಂದುವುದಿಲ್ಲ. ಎರಡನೆಯದಾಗಿ, ಹರೆಯದ ನಡುವೆ ಅರ್ಧಕ್ಕಿಂತ ಹೆಚ್ಚು ಹುಡುಗರಲ್ಲಿ ಎದೆ ತುಸು ಉಬ್ಬಿ ನೋಯುತ್ತದೆ, ಮತ್ತು ಸಾಮಾನ್ಯವಾಗಿ ಎರಡು ವರ್ಷದೊಳಗೆ ಅದು ತಾನಾಗಿಯೇ ಇಳಿಯುತ್ತದೆ. ಶರ್ಟ್ ತೆಗೆಯಬೇಕಾಗುತ್ತದೆಂದು ಈಜು ತರಗತಿ ಬಿಟ್ಟ ಹುಡುಗನಿಗೆ ಈ ಒಂದು ಮಾತು ಎಷ್ಟು ನೆಮ್ಮದಿ ಕೊಡುತ್ತದೆಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಮೂರನೆಯದು ತುರ್ತಿನ ವಿಷಯ. ವೃಷಣದಲ್ಲಿ ಇದ್ದಕ್ಕಿದ್ದಂತೆ ತೀವ್ರ ನೋವು ಬಂದರೆ ಅದು ಒಳಗೆ ತಿರುಚಿಕೊಂಡಿರಬಹುದು. ರಕ್ತ ಸಂಚಾರ ನಿಂತ ವೃಷಣವನ್ನು ಉಳಿಸಿಕೊಳ್ಳಲು ಸುಮಾರು 6 ಗಂಟೆಗಳ ಅವಕಾಶವಷ್ಟೇ ಇರುತ್ತದೆ. ನಾಚಿಕೆಯಿಂದ ಹುಡುಗರು ಕೆಳಹೊಟ್ಟೆ ನೋವು, ವಾಂತಿ ಎಂದಷ್ಟೇ ಹೇಳುತ್ತಾರೆ. ಆದ್ದರಿಂದ ‘ಅಲ್ಲಿ ನೋವಿದೆಯಾ?’ ಎಂದು ನೀವೇ ಕೇಳಬೇಕು. ನೋವಿನ ಮಾತ್ರೆ ಕೊಟ್ಟು ಬೆಳಗಾಗಲೆಂದು ಕಾಯದೆ, ಬಡಾವಣೆಯ ಕ್ಲಿನಿಕ್‌ಗಳನ್ನು ಸುತ್ತದೆ, ರಾತ್ರಿಯೂ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ನೇರವಾಗಿ ಹೋಗಿ. ನಮ್ಮ ನಗರದ ಸಂಚಾರ ದಟ್ಟಣೆಯಲ್ಲಿ ಒಂದು ತಪ್ಪು ಬಾಗಿಲು ತಟ್ಟಿದರೆ ಒಂದೂವರೆ ಗಂಟೆ ಕಳೆದುಹೋಗುತ್ತದೆ.

ಹಂತ 7: ರಕ್ತಹೀನತೆ ಮತ್ತು ಲಸಿಕೆ

ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ ಬರೆದಿಡಿ. 12 ವರ್ಷ ದಾಟಿದ ಹುಡುಗಿಯರಿಗೆ 12, 15 ದಾಟಿದ ಹುಡುಗರಿಗೆ 13 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುತ್ತವೆ. ಅದು ರಕ್ತಹೀನತೆ ಬಾರದಂತೆ ತಡೆಯಲು ಕೊಡುವುದು. ಈಗಾಗಲೇ ಬಂದಿದ್ದರೆ ವೈದ್ಯರು ದಿನನಿತ್ಯದ ಮಾತ್ರೆ ಬರೆಯುತ್ತಾರೆ. ಮಲ ಕಪ್ಪಾಯಿತೆಂದು ಹೆದರಿ ಮಾತ್ರೆ ನಿಲ್ಲಿಸುವವರು ಬಹಳ. ಅದು ಕಬ್ಬಿಣದ ಬಣ್ಣವಷ್ಟೆ. ಮಾತ್ರೆಯನ್ನಾಗಲಿ ಸೊಪ್ಪಿನ ಸಾರಿನ ಊಟವನ್ನಾಗಲಿ ಕಾಫಿಯೊಂದಿಗೆ ತೆಗೆದುಕೊಂಡರೆ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ಒಂದು ಗಂಟೆ ಅಂತರವಿರಲಿ, ಊಟದ ಜೊತೆ ನಿಂಬೆರಸವೋ ನೆಲ್ಲಿಕಾಯಿಯೋ ಇರಲಿ.

ಜಂತುಹುಳುವಿನ ಮಾತ್ರೆ ವರ್ಷಕ್ಕೆರಡು ಬಾರಿ, ಧನುರ್ವಾಯು ಮತ್ತು ಡಿಫ್ತೀರಿಯಾ ತಡೆಯುವ ಟಿಡಿ ಲಸಿಕೆ 10 ಮತ್ತು 16ನೇ ವಯಸ್ಸಿನಲ್ಲಿ. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಬಗ್ಗೆ ಮಗಳಿಗೆ 9 ತುಂಬಿದಾಗಲೇ ವೈದ್ಯರಲ್ಲಿ ಕೇಳಿ.

ಹಂತ 8: ಪುಸ್ತಕಕ್ಕಾಗಿ ಕಾಯದೆ ಹೊರಡಬೇಕಾದ ಲಕ್ಷಣಗಳು

ತೂಕ ಹೆಚ್ಚಿರುವ ಮಗು ಕುಂಟುತ್ತಾ ಮಂಡಿ ಅಥವಾ ತೊಡೆ ನೋವೆಂದರೆ ತೊಂದರೆ ಸೊಂಟದ ಕೀಲಿನಲ್ಲಿರಬಹುದು. ತೊಡೆಮೂಳೆಯ ತಲೆ ಬೆಳೆಯುವ ಗೆರೆಯಲ್ಲಿ ಜಾರಿರುವ ಸಂಭವವಿರುವುದರಿಂದ ಎಣ್ಣೆ ತಿಕ್ಕಿ ನಡೆಸದೆ, ಅಂದೇ ಸೊಂಟದ ಎಕ್ಸ್‌ರೇ ತೆಗೆಸಬೇಕು. ಅತಿಯಾದ ಬಾಯಾರಿಕೆ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು ಮತ್ತು ತೂಕ ಇಳಿಯುವುದು ಒಟ್ಟಿಗೆ ಕಂಡರೆ ಅಂದೇ ಸಕ್ಕರೆ ಪರೀಕ್ಷೆಯಾಗಬೇಕು. ಮುಂದಕ್ಕೆ ಬಗ್ಗಿ ನಿಂತಾಗ ಬೆನ್ನಿನ ಒಂದು ಬದಿ ಮಾತ್ರ ಉಬ್ಬಿ ಕಂಡರೆ ಅದು ಬೆನ್ನುಮೂಳೆಯ ಬಾಗು; ಇದು ತುರ್ತಲ್ಲವಾದರೂ ಜಿಗಿತದ ವರ್ಷಗಳಲ್ಲಿ ಬೇಗ ಹೆಚ್ಚುವುದರಿಂದ ವಾರಗಳೊಳಗೆ ತೋರಿಸಬೇಕು. ಊಟ ಕಡಿಮೆ ಮಾಡಿ ತೂಕ ಇಳಿಸಿಕೊಂಡ ಹುಡುಗಿಗೆ ಮುಟ್ಟು ನಿಂತರೆ ಅದನ್ನು ಡಯಟ್ ಎಂದು ಮೆಚ್ಚಬೇಡಿ. ಅವಳಿಗೆ ನೆರವು ಬೇಕಾಗಿದೆ. ಬದುಕುವುದೇ ಬೇಡವೆಂಬ ಮಾತು ಮಗುವಿನ ಬಾಯಿಂದ ಬಂದರೆ ಒಂಟಿಯಾಗಿ ಬಿಡದೆ, 14416 ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ. ಹಗಲು ರಾತ್ರಿ ಕನ್ನಡದಲ್ಲೂ ಮಾತನಾಡುತ್ತಾರೆ.

ಹಂತ 9: ವೈದ್ಯರ ಭೇಟಿ

ಸಾಮಾನ್ಯ ಪ್ರಶ್ನೆಗಳಿಗೆ ಬಡಾವಣೆಯ ಮಕ್ಕಳ ವೈದ್ಯರು ಅಥವಾ ಸರ್ಕಾರದ ‘ನಮ್ಮ ಕ್ಲಿನಿಕ್’ ಸಾಕು. 10ರಿಂದ 19 ವರ್ಷದವರಿಗಾಗಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಹೆಚ್ಚಿನ ತಪಾಸಣೆಗೆ ನಿಮ್ಹಾನ್ಸ್ ಸಮೀಪದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಅಥವಾ ಕೆ.ಆರ್. ಮಾರುಕಟ್ಟೆ ಬಳಿಯ ವಾಣಿ ವಿಲಾಸ ಆಸ್ಪತ್ರೆಗೆ ಹೋಗಬಹುದು.

ಪುಸ್ತಕ, ನಕ್ಷೆ ಮತ್ತು ಹಳೆಯ ವರದಿಗಳನ್ನು ಕೊಂಡೊಯ್ಯಿರಿ. ಪ್ರಯೋಗಾಲಯಗಳು ಮಾರುವ ದೊಡ್ಡ ಪ್ಯಾಕೇಜ್ ಪರೀಕ್ಷೆಗಳನ್ನು ಮುಂಚೆಯೇ ಮಾಡಿಸಬೇಡಿ. ಬೆಳವಣಿಗೆ ನಿಧಾನವಿದ್ದರೆ ವೈದ್ಯರು ಬಹುಶಃ ರಕ್ತಕಣಗಳ ಎಣಿಕೆ, ಥೈರಾಯ್ಡ್ ಪರೀಕ್ಷೆ ಮತ್ತು ಮೂಳೆಯ ವಯಸ್ಸನ್ನು ತಿಳಿಯಲು ಎಡಗೈಯ ಎಕ್ಸ್‌ರೇಯಿಂದ ಆರಂಭಿಸುತ್ತಾರೆ. ದೇಹದ ಪರೀಕ್ಷೆ ಮಾಡುವ ಮುನ್ನ ಮಗುವಿನ ಒಪ್ಪಿಗೆ ಕೇಳಬೇಕೆಂದು ಕೋರಿ, ಪರೀಕ್ಷೆಯ ಸಮಯದಲ್ಲಿ ಮಗು ಬಯಸಿದವರು ಜೊತೆಗಿರಲಿ. ಮಾತು ಮುಗಿದ ಮೇಲೆ ನೀವು ಹತ್ತು ನಿಮಿಷ ಹೊರಗೆ ಕುಳಿತು, ಮಗು ಒಂಟಿಯಾಗಿ ವೈದ್ಯರೊಡನೆ ಮಾತನಾಡಲು ಅವಕಾಶ ಕೊಡಿ. ನಿಮ್ಮ ಮುಂದೆ ಕೇಳಲಾಗದ ಪ್ರಶ್ನೆಯನ್ನು ಅವರು ಕೇಳುವುದು ಆಗಲೇ. ಮುಂದಿನ ಅಳತೆಯ ದಿನಾಂಕವನ್ನು ಅಲ್ಲಿಯೇ, ವೈದ್ಯರ ಎದುರಿಗೇ, ಮಗುವಿನ ಕೈಯಿಂದ ಪುಸ್ತಕದಲ್ಲಿ ಬರೆಸಿ.